ಒಣಖಾರ ಬ್ಯಾಂಡ್ ಬಾಂಡುಂಗಿಗೆ ಹೋದದ್ದು

ಖಾಸಬಾಗ, ಹೊರಡುವ ಮುಂಚೆ

"ಬಸೂ, ಬ್ಯಾಂಡ್ ಬಾರಸಾಕ ಫಾರಿನ್ನಿಗಿ ಹೊಂಟೀ ಅಂತ? ಅಲ್ಲಿ ಯಾರದು ಮದುವಿ?"

ಕೇಳಿದವರು ನಮ್ಮ ಓಣಿಯ ಹಿಟ್ಟಿನ ಗಿರಣಿಯ ಶಿವಪ್ಪ ಕಾಕಾ. ಚೇಷ್ಟೆಗೆ ಕೇಳಿದ್ದಲ್ಲ. ಬೆಳಗಾವಿಯ ನಮ್ಮ ಖಾಸಬಾಗದಲ್ಲಿ ಬ್ಯಾಂಡ್ ಅಂದರೆ ಮದುವೆ ಬ್ಯಾಂಡ್. ಮೀಸೆ ಮೂಡುವ ಮೊದಲೇ ಪಾರಿಶ್ವಾಡದಿಂದ ಬಂದು ನಾನು ಅದರಲ್ಲಿ ಸೈಡ್ ಡ್ರಮ್ ಹಿಡಿದವನು.

"ಮದುವಿ ಅಲ್ರಿ ಕಾಕಾ. ಆಲ್ಬಮ್ ಮಾಡಾಕ ಹೊಂಟೇವಿ."

"ಅದನ್ನ ಕೇಳಾಕತ್ತೀನಿ. ಯಾರ ಮದುವಿ ಆಲ್ಬಮ್? ಫೋಟೋ ತಗ್ಯಾಕ ಅಷ್ಟ ದೂರ ಯಾಕ? ನಮ್ಮ ಕಿಲ್ಲಾ ಕೆರಿ ಮುಂದ ನಿಂತ್ರ ಬರೂದಿಲ್ಲೇನು?"

ಹಾಗಾಗಿ ಮೊದಲು ಇದನ್ನು ಬಿಡಿಸಿ ಹೇಳುತ್ತೇನೆ. ರಾಕ್ ಸಂಗೀತಕ್ಕೆ ಒಬ್ಬ ಸಿಟ್ಟಿನ ತಮ್ಮ ಇದ್ದಾನೆ. ಅವನ ಹೆಸರು ಹಾರ್ಡ್‌ಕೋರ್. ಹಾಡು ಶುರುವಾಯಿತು ಅನ್ನುವಷ್ಟರಲ್ಲಿ ಮುಗಿಯುತ್ತದೆ. ಹಾಡುವುದು ಕಡಿಮೆ, ಕೂಗುವುದು ಹೆಚ್ಚು. ಒಂದೇ ಹಾಡನ್ನು ಬಿಡುಗಡೆ ಮಾಡಿದರೆ ಸಿಂಗಲ್. ಐದಾರು ಹಾಡುಗಳನ್ನು ಸ್ಟುಡಿಯೊದಲ್ಲಿ ಕುಳಿತು ಮಾಡಿ, ಒಂದು ಹೆಸರು ಕೊಟ್ಟು ಒಟ್ಟಿಗೆ ಬಿಟ್ಟರೆ ಆಲ್ಬಮ್. ನಮ್ಮ ಬ್ಯಾಂಡಿನ ಹೆಸರು ಒಣಖಾರ. ನಾವು ಮೂರೇ ಜನ. ತಬಸ್ಸುಮ್ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಬ್ಯಾಂಡಿನಲ್ಲಿ ಕೂಗುತ್ತಾಳೆ, ಬೇಸ್ ಗಿಟಾರನ್ನೂ ನುಡಿಸುತ್ತಾಳೆ. ಸುಹಾಸ ಖಾನಾಪುರದ ಹುಡುಗ, ಬೆಳಗಾವಿಯ ಫೌಂಡ್ರಿಯಲ್ಲಿ ಕೆಲಸ, ಗಿಟಾರು ಅವನದು. ಡ್ರಮ್ ನನ್ನದು.

ಮೊದಲು ಇವರಿಬ್ಬರ ಜೊತೆ ಬೇರೊಬ್ಬ ಡ್ರಮ್ಮರ್ ಇದ್ದ. ಅವನ ಮದುವೆಯಾಯಿತು. ಬೀಗರು ಈ ಕೂಗಾಟ ಬೇಡವೆಂದರು. ಅವನ ಮದುವೆಯ ಮೆರವಣಿಗೆಯಲ್ಲಿ ಡ್ರಮ್ ಬಾರಿಸುತ್ತಿದ್ದವನು ನಾನು. ತಬಸ್ಸುಮ್ ವರನನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳಂತೆ. ಮರುದಿನ ಇಬ್ಬರೂ ನಮ್ಮ ಬ್ಯಾಂಡ್ ಅಂಗಡಿಗೆ ಬಂದರು. ಪೀರನವಾಡಿಯಲ್ಲಿ ಸುಹಾಸನ ಮಾವನ ವೆಲ್ಡಿಂಗ್ ಶೆಡ್ಡಿನಲ್ಲಿ ಭಾನುವಾರಗಳಂದು ಬಾರಿಸಿ, ಫೋನಿನಲ್ಲಿ ಹಿಡಿದು ಒಂದು ಸಿಂಗಲ್ ಬಿಟ್ಟೆವು. ಅದನ್ನು ಇಂಡೋನೇಷ್ಯಾದ ಬಾಂಡುಂಗ್ ಎಂಬ ಊರಿನ ಆಸೆಪ್ ಎನ್ನುವ ಧ್ವನಿಮುದ್ರಕ ಕೇಳಿ, ಬನ್ನಿ, ನನ್ನ ಸ್ಟುಡಿಯೊದಲ್ಲಿ ಆಲ್ಬಮ್ ಮಾಡೋಣ ಎಂದು ಬರೆದ.

ಇದು ನನಗೆ ಎಷ್ಟು ದೊಡ್ಡ ಮಾತು ಎಂದು ಗೊತ್ತಾಗಬೇಕಾದರೆ ನೀವು ಒಂದು ಮದುವೆಯ ವಿಡಿಯೊ ನೋಡಬೇಕು. ಮೆರವಣಿಗೆಯ ಭಾಗ ಬಂದಾಗ ನಾವು ಕಾಣುತ್ತೇವೆ, ಕೆಂಪು ಅಂಗಿ, ಬಂಗಾರದ ಪಟ್ಟಿ, ಉಬ್ಬಿದ ಗಲ್ಲಗಳು. ಆದರೆ ನಮ್ಮ ಧ್ವನಿ ಇರುವುದಿಲ್ಲ. ವಿಡಿಯೊದವರು ಅದನ್ನು ತೆಗೆದು ಮೇಲೆ ಸಿನಿಮಾ ಹಾಡು ಕೂಡಿಸಿರುತ್ತಾರೆ. ಇಷ್ಟು ವರ್ಷ ಬಾರಿಸಿದರೂ ನನ್ನ ಕೈಯ ಒಂದು ಪೆಟ್ಟೂ ಎಲ್ಲಿಯೂ ಉಳಿದಿಲ್ಲ. ಶೆಡ್ಡಿನ ಸಿಂಗಲ್ಲಿನಲ್ಲೂ ಫೋನಿಗೆ ಕೇಳಿಸಿದ್ದು ಗಿಟಾರು, ತಬಸ್ಸುಮಳ ಗಂಟಲು. ನಾನು ಪತ್ರಾಸಿನ ತಗಡಿನ ಮೇಲೆ ಮಳೆ ಬಿದ್ದಂತೆ ಎಲ್ಲೋ ಹಿಂದೆ. ಬಾಂಡುಂಗಿಗೆ ನಾನು ಹೊರಟದ್ದು ಇದಕ್ಕೇ. ನನ್ನ ಹೆಂಡತಿ ಶಾಂತಾ ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳನ್ನು ಕಟ್ಟಿಕೊಡುತ್ತ, "ಈ ಸಲ ನಿಮ್ಮ ಡ್ರಮ್ ಹಿಡಕೊಂಡ ಬರ್ರಿ" ಅಂದಳು. ಕೋಳಿ ಹಿಡಿದುಕೊಂಡು ಬಾ ಅನ್ನುವ ಹಾಗೆ.

ಬಾಂಡುಂಗ್, ಮುಟ್ಟಿದ ದಿನ

ವಿದೇಶ ಅಂದರೆ ಬೇರೆ ಏನೋ ಇರುತ್ತದೆ ಅಂದುಕೊಂಡಿದ್ದೆ. ಇಳಿದರೆ ಬೆಳಗಾವಿ! ಸುತ್ತ ಗುಡ್ಡ, ತಣ್ಣಗಿನ ಗಾಳಿ, ಮಧ್ಯಾಹ್ನವಾದರೆ ಹೇಳದೆ ಕೇಳದೆ ಮಳೆ. ಹಳೆಯ ಸಾಹೇಬರ ಕಾಲದ ಬಂಗಲೆಗಳು, ದೊಡ್ಡ ಮರಗಳು, ನಮ್ಮ ದಂಡಿನ ಕ್ಯಾಂಪ್ ಪ್ರದೇಶವನ್ನು ಹಿಗ್ಗಿಸಿ ಇಟ್ಟ ಹಾಗೆ. ನಮಗೆ ಉಳಿಯಲು ಕೊಟ್ಟ ಜಾಗದ ಸ್ನಾನದ ಮನೆಯಲ್ಲಿ ನೀರಿನ ತೊಟ್ಟಿ, ಮೊಗೆಯಲು ತಂಬಿಗೆ. ಸುಹಾಸ ಒಳಗೆ ಹೋಗಿ ನೋಡಿ ಬಂದು, "ಕಾಕಾ, ಕಾಗದ ಅಲ್ಲ, ನೀರ ಐತ್ರಿ!" ಎಂದು ಕೂಗಿದ. ಮೂವರ ಎದೆಯಿಂದಲೂ ದೊಡ್ಡ ಭಾರ ಇಳಿಯಿತು.

ಊರು ಮುಟ್ಟಿದಾಗ ಆಸೆಪ್ ನಮ್ಮನ್ನು ಕರೆಯಲು ಬಂದಿದ್ದ. ದಪ್ಪ ಮನುಷ್ಯ, ಕುತ್ತಿಗೆಯವರೆಗೆ ಹಚ್ಚೆ, ದನಿ ಮಾತ್ರ ಮೆತ್ತಗೆ. ಕೈ ಕುಲುಕಿದ ಮೇಲೆ ತನ್ನ ಕೈಯನ್ನು ಎದೆಗೆ ಮುಟ್ಟಿಸಿಕೊಂಡ. ಅಲ್ಲಿ ಎಲ್ಲರೂ ಹಾಗೆಯೇ; ನಿಮ್ಮನ್ನು ಮುಟ್ಟಿದ್ದನ್ನು ಎದೆಯಲ್ಲಿ ಇಟ್ಟುಕೊಳ್ಳುತ್ತಾರೆ.

"ಅಪಾ ಕಬರ್?" ಅಂದ.

ತಬಸ್ಸುಮ್ ನನ್ನ ತೋಳು ಹಿಡಿದಳು. "ಕಾಕಾ, ಖಬರ್ ಅಂದಾನ್ರೀ! ಏನ್ ಖಬರ್ ಅಂತ ಕೇಳಾಕತ್ತಾನ!"

ಅಲ್ಲಿಂದ ನಮಗೆ ಹುಚ್ಚೇ ಹಿಡಿಯಿತು. ಅವರು ಕುರ್ಚಿಗೆ ಕುರ್ಸಿ ಅನ್ನುತ್ತಾರೆ, ಮೇಜಿಗೆ ಮೇಜಾ, ಸಾಬೂನಿಗೆ ಸಾಬುನ್. ರೊಟ್ಟಿಗೆ ರೋಟಿ, ಗುರುವಿಗೆ ಗುರು, ಭಾಷೆಗೆ ಬಹಾಸಾ. ನಾನು ಶಾಲೆ ಕಲಿತದ್ದು ತಡವಾಗಿ. ಹತ್ತನೇ ತರಗತಿ ಪಾಸಾದಾಗ ನನ್ನ ಮಗಳು ಅದೇ ಶಾಲೆಯಲ್ಲಿ ಎಂಟನೆಯದರಲ್ಲಿದ್ದಳು. ಇಂಗ್ಲಿಷ್ ಇನ್ನೂ ಕೈಗೆ ಬಂದಿಲ್ಲ. ಇಲ್ಲಿ ಬಂದು ನೋಡಿದರೆ ಕಲಿಯದೆಯೇ ಅರ್ಧ ಭಾಷೆ ಬರುತ್ತಿದೆ! ಆಸೆಪನ ಇಂಗ್ಲಿಷೂ ನನ್ನದೂ ಒಂದೇ ತರಗತಿಯವು. ಆದರೂ ಆ ದಿನ ನಾವು ಕಾರಿನಲ್ಲಿ ಒಂದು ಕ್ಷಣವೂ ಸುಮ್ಮನಿರಲಿಲ್ಲ. ಅವನು ಒಂದೊಂದು ವಸ್ತು ತೋರಿಸುವುದು, ಹೆಸರು ಹೇಳುವುದು, ನಾವು ಹೋ ಎಂದು ಕೂಗುವುದು. ಅವರಲ್ಲಿ ಬೆರಳು ತೋರಿಸಿದರೆ ಒರಟುತನವಂತೆ, ಹೆಬ್ಬೆರಳಿನಿಂದ ತೋರಿಸುತ್ತಾರೆ. ನಾನು ಅಲ್ಲಿದ್ದಷ್ಟು ದಿನ ಎಲ್ಲರಿಗೂ ಹೆಬ್ಬೆರಳೇ ತೋರಿಸಿದೆ. ಊರಿಗೆ ಬಂದ ಮೇಲೆ ಶಿವಪ್ಪ ಕಾಕಾಗೂ ತೋರಿಸಿ ಬೈಸಿಕೊಂಡೆ.

ಎಲೆ ಮತ್ತು ಸಂಡಿಗೆ

ಸ್ಟುಡಿಯೊದ ಕೆಳಗೆ ಒಂದು ಖಾನಾವಳಿ. ಅದನ್ನು ನಡೆಸುವ ಹೆಂಗಸಿಗೆ ಎಲ್ಲರೂ ಬು ಯಾಯಾ ಅನ್ನುತ್ತಾರೆ. 'ಬು' ಅಂದರೆ ಅವ್ವ. ಕುಳಿತ ತಕ್ಷಣ ಅವಳು ಒಂದು ಬುಟ್ಟಿ ತುಂಬ ಹಸಿ ಎಲೆ ತಂದಿಟ್ಟಳು. ಜೊತೆಗೆ ಸವತೆಕಾಯಿ, ಹಸಿ ಬದನೆಕಾಯಿ. ನಾನು ದನವಲ್ಲವಲ್ಲ ಎಂದು ಯಾರಾದರೂ ಕೇಳಿಯಾರು. ನಮ್ಮ ಕಡೆಯವರು ಕೇಳಲಾರರು. ಪಾರಿಶ್ವಾಡದಲ್ಲಿ ರೊಟ್ಟಿ ಮುರಿದರೆ ಪಕ್ಕದಲ್ಲಿ ಹಸಿ ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ಇರಲೇಬೇಕು. ನಾನು ಹಿಂಡಿಯ ಡಬ್ಬಿ ಬಿಚ್ಚಿ, ಎಲೆಯಲ್ಲಿ ಸುತ್ತಿ ಆಸೆಪನಿಗೆ ಕೊಟ್ಟೆ. ಅವನು ಕಣ್ಣಲ್ಲಿ ನೀರು ತಂದುಕೊಂಡು "ಬಾಗುಸ್!" ಅಂದ. ಚೊಲೊ ಐತಿ ಅಂತ ಅರ್ಥ. ಆ ಡಬ್ಬಿ ಆಮೇಲೆ ನನ್ನ ಕೈಗೆ ಸಿಗಲಿಲ್ಲ.

ನನ್ನ ಕಣ್ಣು ಬೇರೆ ಡಬ್ಬಿಯ ಮೇಲಿತ್ತು. ಗಾಜಿನ ಮುಖದ ತಗಡಿನ ಡಬ್ಬಿ, ಒಳಗೆ ಬೆಳ್ಳಗೆ ಉಬ್ಬಿದ ಸಂಡಿಗೆ. ಮನೆ ಬಿಟ್ಟು ಇಷ್ಟು ದೂರ ಬಂದು ಸಂಡಿಗೆ ಕಂಡರೆ ಯಾರು ಬಿಡುತ್ತಾರೆ? ಕೈಹಾಕಿ ತೆಗೆದೆ, ತಿಂದೆ, ಮತ್ತೆ ತೆಗೆದೆ.

ತಬಸ್ಸುಮ್ ಬಹಳ ಹೊತ್ತು ನೋಡಿ, ಕೊನೆಗೆ ಹತ್ತಿರ ಬಾಗಿದಳು. "ಕಾಕಾ, ಸಿಟ್ಟ ಆಗಬ್ಯಾಡ್ರಿ. ಅದರಾಗ ಸೀಗಡಿ ಐತಿ."

ನಾನು ಲಿಂಗ ಕಟ್ಟಿದವನು, ತತ್ತಿಯನ್ನೂ ಮುಟ್ಟಿದವನಲ್ಲ. ಅರ್ಧ ಸಂಡಿಗೆ ಕೈಯಲ್ಲೇ ಉಳಿಯಿತು.

"ಎಷ್ಟ ಐತಿ?"

"ನೀವು ತಿಂದಷ್ಟ."

"ಮೊದಲ ಹೇಳಾಕ ಆಗ್ತಿದ್ದಿಲ್ಲ?"

"ಅಷ್ಟ ಖುಷಿಲೆ ತಿನ್ನಾಕತ್ತಿದ್ರಿ, ನನಗೂ ಹೆಂಗ ಹೇಳ್ಲಿ ಅನಿಸ್ತು."

"ಊರಾಗ ಹೇಳಬ್ಯಾಡವಾ."

"ನಾ ಯಾಕ ಹೇಳ್ಲಿರಿ? ಸುಹಾಸ ಫೋಟೋ ತಗದಾನ."

ಸುಹಾಸ ಫೋನನ್ನು ಜೇಬಿಗೆ ಹಾಕಿಕೊಂಡು ಎಲೆ ಅಗಿಯುತ್ತ ಗೋಡೆ ನೋಡುತ್ತಿದ್ದ. ಈಗ ನಾನೇ ಬರೆದುಬಿಟ್ಟಿದ್ದೇನೆ. ನಮ್ಮವ್ವನಿಗೆ ಓದಲು ಬರುವುದಿಲ್ಲ, ಅದೊಂದೇ ಧೈರ್ಯ.

ಮಧ್ಯಾಹ್ನದ ಕಾರ್ಯಕ್ರಮ

ಸ್ಟುಡಿಯೊ ಕೆಲಸ ಶುರುವಾಗುವ ಮುಂಚೆ ಆಸೆಪ್ ನಮ್ಮನ್ನು ಒಂದು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದ. ಚೆಂಡಾಟದ ಒಂದು ಒಳಾಂಗಣ, ಒಂದಾದ ಮೇಲೊಂದು ಹಾರ್ಡ್‌ಕೋರ್ ಬ್ಯಾಂಡ್. ವೇದಿಕೆ ಅಂದರೆ ಮೊಣಕಾಲೆತ್ತರದ ಹಲಗೆ. ಮೊದಲ ಪೆಟ್ಟು ಬಿದ್ದದ್ದೇ ಮುಂದಿನ ಹುಡುಗ ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ಗಿರಗಿರ ತಿರುಗಿ, ಕಾಲು ಝಾಡಿಸಿ... ನಾನು ಜಗಳ ಬಿಡಿಸಲು ಎದ್ದೇ ನಿಂತೆ. ಸುಹಾಸ ಅಂಗಿ ಹಿಡಿದು ಎಳೆದ. "ಕಾಕಾ, ಅವ್ರು ಕುಣ್ಯಾಕತ್ತಾರ್ರಿ!"

ನೋಡುತ್ತ ಹೋದಂತೆ ಅದರ ರೀತಿ ತಿಳಿಯಿತು. ಯಾರಾದರೂ ಬಿದ್ದರೆ ಸುತ್ತಲಿನವರು ಆ ಕ್ಷಣವೇ ಎತ್ತಿ ನಿಲ್ಲಿಸುತ್ತಾರೆ. ಯಾರದೋ ಒಂಟಿ ಬೂಟು ಸಿಕ್ಕರೆ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ತಿರುಗಿಸುತ್ತಾರೆ, ಕಳೆದುಕೊಂಡವನು ಬಂದು ತೆಗೆದುಕೊಳ್ಳುವವರೆಗೆ. ನಮ್ಮ ಮೆರವಣಿಗೆಗಳಲ್ಲಿ ಚಪ್ಪಲಿ ಕಳೆದರೆ ಕಳೆದಂತೆಯೇ.

ಸಂಜೆ ಒಂದು ಹಾಡಿನ ಅರ್ಧದಲ್ಲಿ ಯಾರೋ ಕೈ ಎತ್ತಿದರು. ಎಲ್ಲ ನಿಂತಿತು. ಮಸೀದಿಯಿಂದ ಆಜಾನ್ ಕೇಳಿಸಿತು. ಅಷ್ಟು ಹೊತ್ತು ಗಂಟಲು ಹರಿದುಕೊಳ್ಳುತ್ತಿದ್ದವರು ನಲ್ಲಿಯ ಮುಂದೆ ಸಾಲು ನಿಂತು ಕೈಕಾಲು ತೊಳೆದು ನಮಾಜಿನ ಕೋಣೆಗೆ ಹೋದರು. ತಬಸ್ಸುಮಳೂ ಹೋದಳು. ಇದು ನನಗೆ ಹೊಸದೆನಿಸಲಿಲ್ಲ. ನಮ್ಮ ಬ್ಯಾಂಡೂ ಮಸೀದಿಯ ಮುಂದೆ, ಆಸ್ಪತ್ರೆಯ ಮುಂದೆ, ಸಾವಾದ ಮನೆಯ ಮುಂದೆ ಕೈ ನಿಲ್ಲಿಸಿಯೇ ದಾಟುವುದು. ತಬಸ್ಸುಮ್ ನಗುತ್ತ ಹಿಂದಿರುಗಿದಳು. "ಕಾಕಾ, ಅಕಿ ನೋಡ್ರಿ, ಹಸರ ಕೂದಲದಾಕಿ. ನನ್ನ ಬಾಜೂಕನ ನಮಾಜ್ ಮಾಡಿದ್ಲು. ಅದಕ್ಕೂ ಮೊದಲ ನನ್ನ ಕಾಲ್ ತುಳದಾಕಿ ಅಕೀನ! ಒಳಗ ಮಾಫಿ ಕೇಳಿದ್ಲು, ಹೊರಗ ಬಂದು ಮತ್ತ ತುಳದ್ಲು."

ನಾವೂ ಇಂಥದ್ದೊಂದು ಆಲ್ಬಮ್ ಮಾಡುತ್ತೇವೆ, ಈ ಜನ ಅದಕ್ಕೆ ಕುಣಿಯುತ್ತಾರೆ ಎಂದು ನೆನೆದು ನನ್ನ ಎರಡೂ ಕೈ ತೊಡೆಯ ಮೇಲೆ ತಾವಾಗಿಯೇ ಬಾರಿಸುತ್ತಿದ್ದವು.

ಸ್ಟುಡಿಯೊ, ಮೊದಲ ದಿನ

ಗೋಡೆಗೆಲ್ಲ ಹಳೆಯ ಜಮಖಾನೆ ಹೊಡೆದ ಕೋಣೆ. ಬೂಟು ಹೊರಗೆ ಬಿಟ್ಟು ಹೋಗಬೇಕು. ಗಾಜಿನ ಆಚೆ ಆಸೆಪ್, ಈಚೆ ನಾವು. ಮೊದಲು ಡ್ರಮ್ ಹಿಡಿಯುತ್ತಾರೆ, ಅದರ ಮೇಲೆ ಗಿಟಾರು, ಕೊನೆಗೆ ಕಂಠ; ಡ್ರಮ್ ಹಿಡಿಯುವಾಗ ಉಳಿದಿಬ್ಬರು ನನಗೆ ದಾರಿ ತೋರಲಷ್ಟೇ ಜೊತೆಗೆ ನುಡಿಸಿ ಕೂಗುತ್ತಾರೆ. ಡ್ರಮ್ ಸರಿಯಾಗಿ ಕೂಡದಿದ್ದರೆ ಮೇಲಿನದೆಲ್ಲ ಡೊಂಕು. ಅದಕ್ಕಾಗಿ ನನ್ನ ಕಿವಿಯಲ್ಲಿ ಟಿಕ್ ಟಿಕ್ ಎಂದು ಒಂದು ಯಂತ್ರದ ಲಯ ಬಿಡುತ್ತಾರೆ, ಅದನ್ನು ಬಿಟ್ಟು ಅಲುಗಾಡುವಂತಿಲ್ಲ. ಮೆರವಣಿಗೆಯಲ್ಲಿ ನನ್ನ ಗಡಿಯಾರ ಅಂದರೆ ವರನ ಗೆಳೆಯರು. ಅವರು ಕುಣಿದರೆ ಜೋರು, ದಣಿದರೆ ನಿಧಾನ. ಕಿವಿಯೊಳಗಿನ ಈ ಗೆಳೆಯ ಕುಣಿಯುವವನೂ ಅಲ್ಲ, ದಣಿಯುವವನೂ ಅಲ್ಲ.

ಮೊದಲಿಗೆ 'ಗೇಟ್' ಎಂಬ ಹಾಡು. ಬೆಳಗಾವಿಯಲ್ಲಿ ರೈಲ್ವೆ ಗೇಟಿನ ಮುಂದೆ ನಿಂತವರಿಗೆಲ್ಲ ಅದು ಗೊತ್ತಾಗುತ್ತದೆ. ರೈಲು ಬರುವುದಿಲ್ಲ, ಗೇಟೂ ತೆಗೆಯುವುದಿಲ್ಲ. ತಬಸ್ಸುಮ್ ಹಾಡಿನ ತುಂಬ ಕೂಗುವುದು ಒಂದೇ ಮಾತು: "ಗೇಟ್ ತಗೀರಿ!" ಅರ್ಥವೇನು ಎಂದು ಆಸೆಪ್ ಕೇಳಿದ. ಅವಳು ಬಿಡಿಸಿ ಹೇಳಿದಳು. ಕೊನೆಯ 'ರಿ' ಏನು ಎಂದ. ಅದು ಮರ್ಯಾದೆ ಎಂದಳು. ಇಷ್ಟು ಸಿಟ್ಟಿನಲ್ಲಿ ಮರ್ಯಾದೆಯೇ ಎಂದು ಅವನು ಬೆರಗಾದ. "ಗೇಟ್‌ಮನ್ ವಯಸ್ಸಾದವ್ರು ಇರ್ತಾರಲ್ರಿ" ಅಂದಳು ನನ್ನ ಕಡೆ ತಿರುಗಿ. ಇದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಲು ನಮ್ಮಿಂದಾಗಲಿಲ್ಲ.

ಒಂದು ಸಲ ಬಾರಿಸಿದೆ. ಆಸೆಪನ ದನಿ ಕಿವಿಯಲ್ಲಿ ಬಂತು. ಅವನು ಕೆಲಸಕ್ಕೆ ಕುಳಿತರೆ ಇಂಗ್ಲಿಷ್ ಮರೆತು ತನ್ನ ಭಾಷೆಗೆ ಹೋಗುತ್ತಾನೆ. ಉದ್ದಕ್ಕೆ ಏನೋ ಅಂದ. ನನಗೆ ಹಿಡಿದದ್ದು ಒಂದು ಶಬ್ದ: "ಲಗು... ಲಗಿ."

"ಸುಹಾಸ, ಏನ್ ಅಂದ್ರು?"

"ಲಗೂ ಅನ್ನಾಕತ್ತಾನ್ರಿ. ಸ್ವಲ್ಪ ಲಗೂ ಹೊಡೀರಿ."

"ಇವ್ರ ಭಾಷಾದಾಗೂ ಲಗೂ ಅಂದ್ರ ಲಗೂ ಏನು?"

"ಕುರ್ಚಿ ಅಂದ್ರ ಕುರ್ಚಿ ಐತಿ, ಖಬರ್ ಅಂದ್ರ ಖಬರ್ ಐತಿ. ಲಗೂ ಅಂದ್ರ ಲಗೂ ಯಾಕ ಇರಬಾರ್ದು?"

ಖರೇ ಅನಿಸಿತು. ನಮ್ಮ ಕಡೆ ಲಗೂ ಅಂದರೆ ಬೇಗ; ತಾಯಿ ಮಗುವಿಗೆ ಲಗೂ ಉಣ್ಣು ಅನ್ನುತ್ತಾಳೆ, ಕಂಡಕ್ಟರ್ ಲಗೂ ಹತ್ತರಿ ಅನ್ನುತ್ತಾನೆ, ಇದಕ್ಕಿಂತ ದಿನಬಳಕೆಯ ಮಾತು ಯಾವುದಿದೆ? ಹಾಡೂ ಅವಸರದ್ದೇ. ಟಿಕ್ ಟಿಕ್ ಅನ್ನು ಹಿಂದೆ ಬಿಟ್ಟು ಜೋರಾಗಿ ಹೊಡೆದೆ. ಆಸೆಪ್ ಮತ್ತೆ "ಲಗು" ಅಂದ. ಇನ್ನೂ ಜೋರಾಗಿ ಹೊಡೆದೆ. ಅವನು ಗಾಜಿನ ಆಚೆ ಎದ್ದು ನಿಂತು, ಅಂಗೈಯನ್ನು ಮೇಲಿನಿಂದ ಕೆಳಗೆ ಮೆಲ್ಲಗೆ ಒತ್ತುತ್ತ, "ಪ್ಲಾನ್, ಪ್ಲಾನ್" ಅಂದ.

"ಪ್ಲಾನ್ ಮಾಡ್ಕೋರಿ ಅಂತ ಅನ್ನಾಕತ್ತಾನ" ಅಂದ ಸುಹಾಸ.

"ಕೈ ಯಾಕ ಹಂಗ ಮಾಡಾಕತ್ತಾನ?"

"ಬಲ ಹಾಕಿ ಬಡೀರಿ ಅಂತ ಇರಬೇಕ್ರಿ."

ಮೂವರೂ ತಲೆ ಕೂಡಿಸಿ ಪ್ಲಾನ್ ಮಾಡಿದೆವು. ಮೊದಲಿನಿಂದಲೇ ಓಡುವುದು, ಎಲ್ಲೂ ನಿಲ್ಲದಿರುವುದು ಎಂದು ಆ ಪ್ಲಾನ್. ಆ ಸಲ ಹೊಡೆದ ರಭಸಕ್ಕೆ ಸುಹಾಸನ ಗಿಟಾರಿನ ತಂತಿ ಹರಿಯಿತು. ತಬಸ್ಸುಮ್ ಮೈಕ್ ಬಿಟ್ಟು ನೆಲದ ಮೇಲೆ ಕುಳಿತಳು.

"ಅಲ್ಲಾ ಕಸಮ್ ಕಾಕಾ, ಉಸಿರ ಎಲ್ಲಿ ತಗೋಲಿ ನಾ?"

"ಅವ್ರ ಹೇಳಾಕತ್ತಾರಲ್ಲವಾ."

"ಅವ್ರಿಗೇನ್ ಬಸ್ ತಪ್ಪತೈತೇನ್ರಿ?"

ಸಂಜೆಯ ಹೊತ್ತಿಗೆ ಆಸೆಪ್ ಹೊರಗೆ ಬಂದ. ಮುಖ ತೊಳೆದುಕೊಂಡಿದ್ದ. ಕೈಯನ್ನು ಎದೆಯ ಮೇಲೆ ಇಟ್ಟು, ಒಂದೊಂದೇ ಇಂಗ್ಲಿಷ್ ಮಾತು ಹುಡುಕಿ ಹೇಳಿದ. ಪಾ ಬಾಸು (ಹಿರಿಯ ಗಂಡಸರಿಗೆ ಅವರು 'ಪಾ' ಅನ್ನುತ್ತಾರೆ) ಒಳ್ಳೆಯ ಮನುಷ್ಯ. ಆದರೆ ಲಯ ನಿಲ್ಲುತ್ತಿಲ್ಲ. ನಾಳೆ ನನ್ನ ಗೆಳೆಯ ದಿಮಾಸ್ ಬರುತ್ತಾನೆ. ಡ್ರಮ್ ಅವನು ಬಾರಿಸಲಿ.

ಉಳಿದುಕೊಂಡಿದ್ದ ಜಾಗಕ್ಕೆ ಬಂದ ಮೇಲೆ ತಬಸ್ಸುಮ್ ಆಲ್ಬಮ್ಮೇ ಬೇಡ ಅಂದಳು. ಸುಹಾಸನೂ ಹೌದೆಂದ. ನಾನು ಇಬ್ಬರಿಗೂ ಬೈದೆ. ಅಷ್ಟರಲ್ಲಿ ಶಾಂತಾಳ ಫೋನು.

"ಆತೇನ್ರಿ? ನಿಮ್ಮ ಡ್ರಮ್ ಹಿಡದ್ರು?"

"ನಾಳೆ ಹಿಡೀತಾರ" ಅಂದೆ.

ಸ್ಟುಡಿಯೊ, ಎರಡನೆಯ ದಿನ

ದಿಮಾಸ್ ತೆಳ್ಳಗಿನ ಹುಡುಗ, ಕನ್ನಡಕ. ಮಕ್ಕಳಿಗೆ ಡ್ರಮ್ ಕಲಿಸುವುದು ಅವನ ಕೆಲಸ. ಬಂದವನೇ ನನ್ನ ಕೈ ಹಿಡಿದು ಎದೆಗೆ ಮುಟ್ಟಿಸಿಕೊಂಡ. ನನ್ನ ಕುರ್ಚಿಯಲ್ಲಿ ಕುಳಿತುಕೊಳ್ಳುವ ಮುಂಚೆ ಅಪ್ಪಣೆ ಕೇಳಿದ. ಅವನು ಒರಟನಾಗಿದ್ದರೆ ನನಗೆ ಸುಲಭವಿತ್ತು.

ನಾನು ಗಾಜಿನ ಆಚೆ ಆಸೆಪನ ಪಕ್ಕದಲ್ಲಿ ಕುಳಿತೆ. ದಿಮಾಸ್ ಬಾರಿಸಿದ. ಹೇಗೆ ಹೇಳಲಿ, ಹೊಸ ಮನೆಯ ಗೋಡೆಗೆ ಗೌಂಡಿ ಓಳಂಬದ ದಾರ ಹಿಡಿದ ಹಾಗೆ, ಒಂದು ಕೂದಲೆಳೆ ಆಚೆಗಿಲ್ಲ ಈಚೆಗಿಲ್ಲ. ಆಸೆಪ್ ಅವನಿಗೂ ಮೈಕಿನಲ್ಲಿ "ಲಗು" ಅಂದ. ದಿಮಾಸ್ ಜೋರು ಮಾಡಲಿಲ್ಲ. ಎಷ್ಟು ಗಟ್ಟಿಗ ನೋಡು, ಯಜಮಾನ ಅವಸರ ಮಾಡಿದರೂ ತನ್ನ ಲಯ ಬಿಡುತ್ತಿಲ್ಲ ಎಂದುಕೊಂಡೆ. ಊಟದ ಹೊತ್ತಿಗೆ 'ಗೇಟ್' ಅಲ್ಲದ ಬೇರೆ ಎರಡು ಹಾಡು ಮುಗಿದಿದ್ದವು. ಎರಡೂ ಚೆನ್ನಾಗಿ ಬಂದಿದ್ದವು. ಅವು ಚೆನ್ನಾಗಿವೆ ಎಂದು ನಾನೇ ತಬಸ್ಸುಮಳಿಗೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ.

ಬು ಯಾಯಾಳ ಖಾನಾವಳಿಯಲ್ಲಿ ಆಸೆಪ್, ದಿಮಾಸರ ಜೊತೆ ಕುಳಿತು ಎಲೆ ತಿನ್ನುತ್ತಿದ್ದೆವು. ಮೂಲೆಯ ರೇಡಿಯೊದಲ್ಲಿ ಒಂದು ಹಾಡು ಬರುತ್ತಿತ್ತು. ಬಹಳ ನಿಧಾನದ ಹಾಡು. ಮಗುವನ್ನು ತೊಟ್ಟಿಲಿಗೆ ಹಾಕಿ ತೂಗುವಾಗಲೂ ನಾವು ಅದಕ್ಕಿಂತ ಜೋರಾಗಿ ತೂಗುತ್ತೇವೆ. ಬು ಯಾಯಾ ರೇಡಿಯೊದ ನೆತ್ತಿ ತಟ್ಟಿ, ಕಣ್ಣು ಮುಚ್ಚಿ, ನಮಗೆಲ್ಲ ಕೇಳುವಂತೆ ಹೇಳಿದಳು: "ಲಗು ಬಾಗುಸ್!"

ಬಾಗುಸ್ ಅಂದರೆ ಚೊಲೊ, ಗೊತ್ತು. ಆದರೆ ಈ ಹಾಡಿನಲ್ಲಿ ಲಗೂ ಎಲ್ಲಿದೆ?

ದಿಮಾಸನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಕೇಳಿದೆ. "ಲಗು ಅಂದರೆ ಬೇಗ, ಅಲ್ಲವೆ?"

"ಇಲ್ಲ ಪಾ" ಅಂದ. "ಲಗು ಅಂದರೆ ಹಾಡು."

ನಾನು ಎಲೆ ಕೆಳಗಿಟ್ಟೆ. "ಮತ್ತೆ, ಲಗಿ?"

"ಮತ್ತೊಮ್ಮೆ."

ತಬಸ್ಸುಮ್ ಮುಂದಕ್ಕೆ ಬಾಗಿದಳು. "ಪ್ಲಾನ್?"

"ಪೆಲಾನ್? ನಿಧಾನ."

ಸುಹಾಸ ಬಾಯಲ್ಲಿನ ಅನ್ನ ನುಂಗುವುದನ್ನೇ ಮರೆತಿದ್ದ. "ಅಂದ್ರ ಕಾಕಾ, ನಿನ್ನಿ ದಿನಪೂರ್ತಿ ಅವ ನಿಧಾನ, ನಿಧಾನ ಅಂತ ಕೈ ಮುಗದಾನ. ನಾವು ಪ್ಲಾನ್ ಮಾಡಿ ಓಡೇವಿ."

"ನೀನ ಅಲ್ಲೋ ಅಂದಾಂವ, ಕುರ್ಚಿ ಅಂದ್ರ ಕುರ್ಚಿ, ಲಗೂ ಅಂದ್ರ ಲಗೂ ಅಂತ!"

"ನಾ ಅಂದೆ, ನೀವ್ಯಾಕ ಕೇಳಿದ್ರಿ? ನಾ ಹತ್ತನೇತ್ತಾ ಎರಡ ಸಲ ಫೇಲ್ ಆದಾಂವ, ನೀವು ಪಾಸ್ ಆದಾವ್ರು!"

ತಬಸ್ಸುಮ್ ಮೊದಲು ನಕ್ಕಳು. ಒಂದು ಸಲ ಶುರುವಾದದ್ದು ನಿಲ್ಲಲಿಲ್ಲ, ನೀರು ಮೂಗಿಗೆ ಏರಿ ಕೆಮ್ಮಿದಳು. ನಮ್ಮ ಊರಿನಲ್ಲಿ ಲಗೂ ಅಂದರೆ ಏನೆಂದು ನಾನು ದಿಮಾಸನಿಗೆ ವಿವರಿಸಿದೆ. ಅವನು ಆಸೆಪನಿಗೆ ತಮ್ಮ ಭಾಷೆಯಲ್ಲಿ ಹೇಳಿದ. ಆಸೆಪ್ ಅನ್ನದ ತಟ್ಟೆಯನ್ನು ಬದಿಗೆ ಸರಿಸಿ, ಹಣೆಯನ್ನು ಮೇಜಿಗೆ ಒತ್ತಿ, ಭುಜ ಕುಲುಕಿಸತೊಡಗಿದ. ಅಳುತ್ತಿದ್ದಾನೋ ಅಂತ ನನಗೆ ಗಾಬರಿ. ತಲೆ ಎತ್ತಿದಾಗ ಕಣ್ಣೆಲ್ಲ ಒದ್ದೆ. ತನ್ನ ಎದೆ ತಟ್ಟಿಕೊಂಡು, ನಾನು 'ಹಾಡು' ಅಂದಾಗಲೆಲ್ಲ ನೀವು 'ಓಡು' ಅಂತ ತಿಳಿದಿರಾ ಎಂದು ಕೇಳಿದ. ಬು ಯಾಯಾಳಿಗೂ ಕಥೆ ಹೋಯಿತು. ಅವಳು ಸೌಟು ಹಿಡಿದುಕೊಂಡೇ ನನ್ನ ಬೆನ್ನು ತಟ್ಟಿ ಹೋದಳು.

ಅದೇ ದಿನ, ಮಳೆ ನಿಂತ ಮೇಲೆ

ದಿಮಾಸ್ ಬಾರಿಸಿದ ಎರಡು ಹಾಡನ್ನು ಅಳಿಸಿ ನೀವೇ ಬಾರಿಸಿ ಎಂದು ತಬಸ್ಸುಮ್ ಹಟ ಹಿಡಿದಳು. ನಾನು ಬೇಡ ಅಂದೆ. ಒಬ್ಬನ ಕೈಯನ್ನು ಅಳಿಸುವುದು ಏನೆಂದು ನನಗೆ ಗೊತ್ತು. ಅವು ದಿಮಾಸನವೇ ಆಗಿ ಆಲ್ಬಮ್ಮಿನಲ್ಲಿ ಇವೆ, ಕೇಳಿ ನೋಡಿ, ಚೆನ್ನಾಗಿ ಬಾರಿಸಿದ್ದಾನೆ.

'ಗೇಟ್' ನನಗೆ ಬೇಕಾಗಿತ್ತು.

ಈಗ ಮಾತಿನ ಅರ್ಥ ತಿಳಿದಿತ್ತು. ಟಿಕ್ ಟಿಕ್ ಜೊತೆ, ಅದು ಹೇಳಿದಷ್ಟೇ ವೇಗದಲ್ಲಿ ಬಾರಿಸಿದೆ. ಮೊದಲ ಸಲ ಎರಡು ಕಡೆ ತಪ್ಪಿತು. ಆಮೇಲೆ ಒಂದೂ ತಪ್ಪಲಿಲ್ಲ. ಆಸೆಪ್ ಹೆಬ್ಬೆರಳು ಎತ್ತಿದ. ಕೇಳಿಸಿದ. ಎಲ್ಲವೂ ಸರಿಯಾಗಿತ್ತು. ನಾನು ತಬಸ್ಸುಮಳ ಕಡೆ ತಿರುಗಿದೆ.

"ತಬ್ಬು, ಹೇಳವಾ."

"ಸರಿ ಐತ್ರಿ ಕಾಕಾ."

"ಖರೇ ಹೇಳು."

ಅವಳು ಬೇಸ್ ಗಿಟಾರಿನ ಪಟ್ಟಿ ಸರಿಪಡಿಸಿಕೊಂಡಳು. "ಗೇಟ್ ತಗ್ಯೂ ಹಂಗಿಲ್ಲರಿ. ಗೇಟ್ ಹಾಕಿ, ಕೀಲಿ ಹಾಕಿ, ಮನಿಗಿ ಹೋಗಿ ಮಲಗಿದಂಗ ಐತಿ."

ನನಗೂ ಹಾಗೆಯೇ ಅನಿಸಿತ್ತು. ಇದೇ ನನ್ನ ಕೈಯಾಗಿ ಉಳಿಯುವುದಾದರೆ ಇದಕ್ಕಿಂತ ವಿಡಿಯೊದವರು ಹಾಕುವ ಸಿನಿಮಾ ಹಾಡೇ ಮೇಲು ಅಂತ ಒಂದು ಕ್ಷಣ ಅನಿಸಿತು. ಆಗ ದಿಮಾಸ್ ಆಸೆಪನಿಗೆ ಏನೋ ಹೇಳಿದ. ಇಬ್ಬರೂ ನಿನ್ನೆಯದನ್ನು ಹಾಕಿ ಕೇಳಿದರು, ತಂತಿ ಹರಿದು ನಿಂತ ಆ ಸಲದ್ದನ್ನು. ಹರಿದಿತ್ತು, ಮುರಿದಿತ್ತು, ತಬಸ್ಸುಮಳ ಉಸಿರು ಅರ್ಧಕ್ಕೇ ಮುಗಿದಿತ್ತು. ದಿಮಾಸ್ ಕನ್ನಡಕ ತೆಗೆದು, ನನ್ನ ಕಡೆ ಹೆಬ್ಬೆರಳು ತೋರಿಸಿದ. "ಪಾ, ಇದು. ಆದರೆ ಅವಳಿಗೆ ಉಸಿರಾಡಲು ಜಾಗ ಬಿಡಿ."

ಆಸೆಪ್ ಕೋಣೆಗೆ ಬಂದು ನನ್ನ ಕಿವಿಯ ಮೇಲಿನ ಹೆಡ್‌ಫೋನನ್ನು ತಾನೇ ಕಳಚಿದ. ಟಿಕ್ ಟಿಕ್ ಹೋಯಿತು. ಮೂವರನ್ನೂ ಎದುರೆದುರು ನಿಲ್ಲಿಸಿ, ಮೈಕುಗಳನ್ನು ಸರಿಸಿ ಇಟ್ಟ. ಡ್ರಮ್, ಗಿಟಾರು, ಕಂಠ ಎಲ್ಲವೂ ಒಂದೇ ಸಲಕ್ಕೆ, ಪೀರನವಾಡಿಯ ಶೆಡ್ಡಿನಲ್ಲಿ ನಾವು ಬಾರಿಸುವ ಹಾಗೆ. ತಪ್ಪಾದರೆ ಎಲ್ಲರದೂ ತಪ್ಪು. ಕೂಗಲು ಜನ ಬೇಕೆಂದು ಬು ಯಾಯಾಳನ್ನೂ ಕೆಳಗಿನಿಂದ ಕರೆಸಿದ. "ತಗೀರಿ" ಎಂದು ಅವಳಿಗೆ ಕಲಿಸಿದೆವು. ಅವಳಿಗೆ ಮೊದಲ ಸಲಕ್ಕೇ ಬಂತು, 'ರಿ'ಯನ್ನು ಮಾತ್ರ ಖಾಸಬಾಗದವರಿಗಿಂತ ಉದ್ದ ಎಳೆದಳು.

ನಾನು ತಬಸ್ಸುಮಳ ಭುಜ ನೋಡುತ್ತ ಕುಳಿತೆ. ಭುಜ ಏರಿದರೆ ಅವಳು ಉಸಿರು ತೆಗೆದುಕೊಳ್ಳುತ್ತಿದ್ದಾಳೆ, ಅಲ್ಲಿ ಒಂದು ಪೆಟ್ಟು ಬಿಡಬೇಕು. ಇಳಿದರೆ ಹೊಡಿ. ಡ್ರಮ್ಮಿನ ಕಡ್ಡಿ ಎತ್ತಿ ಎಣಿಸಿದೆ, ಹೊರಟೆವು. ಹೇಗೆ ಹೋಯಿತೋ ನನಗೆ ಪೂರ್ತಿ ನೆನಪಿಲ್ಲ. ಸುಹಾಸ ಹಲ್ಲು ಕಚ್ಚಿದ್ದು ನೆನಪಿದೆ. ದೊಡ್ಡ ಡ್ರಮ್ಮು ಒದೆತಕ್ಕೆ ಮುಂದೆ ಮುಂದೆ ಸರಿದಾಗ ದಿಮಾಸ್ ಓಡಿಬಂದು ನೆಲಕ್ಕೆ ಕುಳಿತು, ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದು, ಅಲ್ಲಿಂದಲೇ "ತಗೀರಿ" ಎಂದು ಕೂಗಿದ್ದು ನೆನಪಿದೆ. ತಬಸ್ಸುಮಳ ಭುಜ ಏರಿತು, ಬಿಟ್ಟೆ, ಇಳಿಯಿತು, ಹೊಡೆದೆ. ಕೊನೆಯ ಪೆಟ್ಟಿಗೆ ಮೂವರೂ ಒಟ್ಟಿಗೆ ನಿಂತೆವು. ಕಂಚಿನ ತಾಳದ ತಟ್ಟೆಯ ನಾದ ಸಣ್ಣಗಾಗುತ್ತ ಹೋಗಿ ಆರಿತು.

ಗಾಜಿನ ಆಚೆ ಆಸೆಪ್ ಒಂದು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ. ಕೆಂಪು ದೀಪ ಆರಿತು.

"ಲಗಿ" ಅಂದ.

ಲಗಿ ಅಂದರೆ ಮತ್ತೊಮ್ಮೆ. "ತಪ್ಪಾತೇನ್ರಿ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ.

ಅವನು ತಲೆ ಅಲ್ಲಾಡಿಸಿದ. ಹಿಡಿದದ್ದು ಯಂತ್ರದೊಳಗೆ ಭದ್ರವಾಗಿದೆ ಎಂದು ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದ. ತನ್ನ ಕುರ್ಚಿಯನ್ನು ಎತ್ತಿಕೊಂಡು ಬಾಗಿಲು ದಾಟಿ ನಮ್ಮ ಕೋಣೆಗೆ ಬಂದ. ಅದನ್ನು ನನ್ನ ಡ್ರಮ್ಮಿನ ಮುಂದೆ, ಕಡ್ಡಿ ತಾಕುವಷ್ಟು ಹತ್ತಿರ ಇಟ್ಟು ಕುಳಿತ. ಬು ಯಾಯಾ ಹೋಗಲು ಎದ್ದವಳು ಮತ್ತೆ ಬಾಗಿಲಿಗೆ ಒರಗಿದಳು.

"ಲಗಿ, ಪಾ" ಅಂದ ಮತ್ತೆ, ತನ್ನ ಎದೆ ಮುಟ್ಟಿಕೊಂಡು, ಈ ಸಲ ಯಂತ್ರಕ್ಕಲ್ಲ, ತನಗೆ ಎಂಬಂತೆ.

ನಾನು ಕಡ್ಡಿ ಎತ್ತಿದೆ.